ಹಳೆಯ ಓಟದ ದೋಣಿ ಮತ್ತು ಔಟ್‌ಬೋರ್ಡ್ ಮೋಟಾರು: ಬೆಲೆ ಕಟ್ಟುವ ಬಗೆ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿ ಬಿಗಿಯುವ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದ ಎಂಜಿನ್ನೇ ಔಟ್‌ಬೋರ್ಡ್ ಮೋಟಾರು. ಇಂಥ ಮೋಟಾರಿನಿಂದ ಪಂದ್ಯದಲ್ಲಿ ಓಡಲೆಂದೇ ಕಟ್ಟಿದ ಹಗುರವಾದ ದೋಣಿಗಳಿಗೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. 1920ರ ದಶಕದಿಂದ 1960ರ ದಶಕದವರೆಗೆ ತಯಾರಾದ ಮರದ ದೋಣಿಗಳನ್ನೂ ಅವುಗಳ ಮೋಟಾರುಗಳನ್ನೂ ಸಂಗ್ರಾಹಕರು ಇಂದು ಹುಡುಕಿ ಕೊಳ್ಳುತ್ತಾರೆ. ಮಾರಾಟ, ವಿಮೆ, ಆಸ್ತಿ ಪಾಲು, ವಸ್ತುಸಂಗ್ರಹಾಲಯಕ್ಕೆ ದಾನ ಇವುಗಳಲ್ಲಿ ಯಾವುದೇ ಕಾರಣಕ್ಕೆ ಈ ದೋಣಿ, ಮೋಟಾರುಗಳ ಬೆಲೆ ಗೊತ್ತುಮಾಡಬೇಕಾದಾಗ ಕಾರಿಗೋ ಮನೆಗೋ ಇರುವಂಥ ಸಿದ್ಧ ಕೋಷ್ಟಕ ಇಲ್ಲಿ ಒದಗುವುದಿಲ್ಲ. ವಸ್ತುವನ್ನು ಕಣ್ಣಿನಿಂದ ನೋಡಿ, ಕೈಯಿಂದ ತಿರುಗಿಸಿ, ಕಾಗದ ಪತ್ರಗಳನ್ನು ತಾಳೆ ಹಾಕಿಯೇ ಅಂದಾಜಿಗೆ ಬರಬೇಕು.

ಕನ್ನಡನಾಡಿನಲ್ಲಿ ಈ ವಸ್ತು ಅಪರೂಪ. ಕರಾವಳಿಯ ನಾಡದೋಣಿಗಳಲ್ಲಿ ಔಟ್‌ಬೋರ್ಡ್ ಎಂಜಿನ್ ಸಾಮಾನ್ಯವಾದರೂ ಅದು ಹೊಟ್ಟೆಪಾಡಿನ ಯಂತ್ರ, ಪಂದ್ಯದ್ದಲ್ಲ. ಕೋಲಾರ ಜಿಲ್ಲೆಯಂಥ ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ಇರುವುದು ಕೆರೆಗಳು, ಅವುಗಳಲ್ಲಿ ಮೀನು ಹಿಡಿಯುವವರ ತೆಪ್ಪ. ಆದರೂ ಹಳೆಯದೊಂದಕ್ಕೆ ಬೆಲೆ ಕಟ್ಟುವ ವಿದ್ಯೆಯಲ್ಲಿ ಈ ಸೀಮೆ ಹಿಂದೆ ಬಿದ್ದಿಲ್ಲ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಹಿನ್ನೆಲೆ

ವ್ಯಾಪಾರದಲ್ಲಿ ನಿಜವಾಗಿ ಗೆದ್ದ ಮೊದಲ ಔಟ್‌ಬೋರ್ಡ್ ಮೋಟಾರನ್ನು ತಯಾರಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್. 1909ರಲ್ಲಿ ಮಾರುಕಟ್ಟೆಗೆ ಬಂದ ಅವನ ಯಂತ್ರಕ್ಕೆ ಒಂದೂವರೆ ಅಶ್ವಶಕ್ತಿ. ತೂಕ 62 ಪೌಂಡು, ಬೆಲೆಯೂ 62 ಡಾಲರು. ಅವನಿಗಿಂತ ಕೆಲವೇ ವರ್ಷ ಮೊದಲು ಕ್ಯಾಮರಾನ್ ವಾಟರ್‌ಮನ್ ಎಂಬಾತ ಇಂಥದೇ ಮೋಟಾರನ್ನು ಮಾರಲು ತೊಡಗಿದ್ದ. ಆದರೆ ಜನರ ಬಾಯಲ್ಲಿ ಉಳಿದದ್ದು ಎವಿನ್‌ರೂಡನ ಹೆಸರು. ಅವನು ತನ್ನ ಪಾಲನ್ನು ಮಾರಿ ಹೊರಬಂದು, 1920ರ ದಶಕದ ಆರಂಭದಲ್ಲಿ ಅಲ್ಯೂಮಿನಿಯಮ್ ಬಳಸಿದ ಹಗುರವಾದ ಎರಡು ಸಿಲಿಂಡರಿನ ‘ಎಲ್ಟೊ’ ಮೋಟಾರಿನೊಂದಿಗೆ ಮರಳಿ ಕಣಕ್ಕಿಳಿದ. ಅದೇ ಹೊತ್ತಿಗೆ ಇಂಡಿಯಾನಾದ ಸೌತ್ ಬೆಂಡಿನಲ್ಲಿ ಜಾನ್ಸನ್ ಸಹೋದರರೂ ಹಗುರ ಮೋಟಾರು ಮಾಡುತ್ತಿದ್ದರು. ಈ ಪೈಪೋಟಿಯಿಂದಲೇ ಔಟ್‌ಬೋರ್ಡ್ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರಲು ಕಲಿತದ್ದು, ಔಟ್‌ಬೋರ್ಡ್ ಪಂದ್ಯಗಳು ಹುಟ್ಟಿದ್ದು.

1930ರ ದಶಕದಲ್ಲಿ ಸಿಲಿಂಡರುಗಳ ಒಟ್ಟು ಗಾತ್ರದ ಮೇಲೆ ವರ್ಗಗಳು ಗಟ್ಟಿಯಾದವು. ಬಿ ವರ್ಗಕ್ಕೆ 20 ಘನ ಅಂಗುಲ, ಸಿ ವರ್ಗಕ್ಕೆ 30, ಎಫ್ ವರ್ಗಕ್ಕೆ 60. ಜಾನ್ಸನ್‌ನ ಕೆಆರ್, ಎಸ್‌ಆರ್, ಪಿಆರ್ ಮಾದರಿಗಳು ಕ್ರಮವಾಗಿ ಎ, ಬಿ, ಸಿ ವರ್ಗಗಳ ಪಂದ್ಯದ ಮೋಟಾರುಗಳು. ಎವಿನ್‌ರೂಡ್‌ನ ನಾಲ್ಕು ಸಿಲಿಂಡರಿನ 4-60 ಎಫ್ ವರ್ಗದ್ದು. ಎರಡನೆಯ ಮಹಾಯುದ್ಧದ ನಂತರ ಕಾರ್ಲ್ ಕೀಕ್‌ಹೇಫರನ ಮರ್ಕ್ಯುರಿ ಕಂಪನಿ ಈ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿತು. 1939ರಲ್ಲಿ ವಿಸ್ಕಾನ್ಸಿನ್‌ನ ಸೀಡರ್‌ಬರ್ಗಿನಲ್ಲಿ ಶುರುವಾದ ಈ ಕಂಪನಿ 1947ರಲ್ಲಿ ‘ಲೈಟ್ನಿಂಗ್’ ಎಂಬ ಮೋಟಾರನ್ನು ಹೊರತಂದಿತು. ಅದರ ಮೇಲೆ ಬರೆದಿದ್ದುದು 10 ಅಶ್ವಶಕ್ತಿ. ನೀರಿಗಿಳಿಸಿದವರಿಗೆ ಮಾತ್ರ ಅದು ಹತ್ತಕ್ಕೆ ನಿಲ್ಲುವ ಯಂತ್ರವಲ್ಲ ಎಂಬುದು ಕೂಡಲೇ ತಿಳಿಯಿತು. ಹಳೆಯ ಮೋಟಾರಿನ ಹಣೆಪಟ್ಟಿಯಲ್ಲಿರುವ ಅಶ್ವಶಕ್ತಿಯ ಅಂಕೆಯನ್ನು ಹಿಡಿದು ಬೆಲೆ ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮುಂದೆ 1950ರ ದಶಕದಲ್ಲಿ ಮರ್ಕ್ಯುರಿಯ ಮಾದರಿ ಸಂಖ್ಯೆಯ ಕೊನೆಗೆ ‘ಎಚ್’ ಅಕ್ಷರ ಹೊತ್ತ ಮೋಟಾರುಗಳು ಬಂದವು: ಕೆಜಿ-7ಎಚ್, ಮಾರ್ಕ್ 20ಎಚ್, ಮಾರ್ಕ್ 30ಎಚ್, ಮಾರ್ಕ್ 55ಎಚ್. ಇವು ಕಾರ್ಖಾನೆಯಿಂದಲೇ ಪಂದ್ಯಕ್ಕೆ ಸಿದ್ಧವಾಗಿ ಹೊರಬಿದ್ದವು. ಜರ್ಮನಿಯಲ್ಲಿ ಬರ್ಲಿನ್ನಿನ ಕೋನಿಗ್, ಇಂಗ್ಲೆಂಡಿನಲ್ಲಿ ಆಂಜಾನಿ ಇದೇ ಹಾದಿಯಲ್ಲಿ ನಡೆದವು. ಕೋನಿಗ್ ಎಂಜಿನ್ನಿನ ಕಥೆ ನೀರಿಗಷ್ಟೇ ಸೀಮಿತವಲ್ಲ. ಅದನ್ನು ಮೋಟಾರ್‌ಸೈಕಲ್ಲಿಗೆ ಕೂಡಿಸಿ ಓಡಿಸಿದ ನ್ಯೂಜಿಲೆಂಡಿನ ಕಿಮ್ ನ್ಯೂಕೋಂಬ್ 1973ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದ. ಹೀಗೆ ಒಂದೇ ಎಂಜಿನ್ನನ್ನು ಎರಡು ಬಗೆಯ ಸಂಗ್ರಾಹಕರು ಬಯಸುವಾಗ ಬೆಲೆ ಏರುವುದು ಸಹಜ.

ಮೋಟಾರು ಬೇರೆ, ದೋಣಿ ಬೇರೆ

ಬೆಲೆ ಕಟ್ಟಲು ಕೂತವನು ಮೊದಲು ಮಾಡಬೇಕಾದ ಕೆಲಸ, ಎದುರಿಗಿರುವುದನ್ನು ಒಂದೇ ವಸ್ತು ಎಂದು ನೋಡದೆ ಎರಡಾಗಿ ಬಿಡಿಸುವುದು. ಹೆಚ್ಚಿನ ಸಂದರ್ಭಗಳಲ್ಲಿ ಮೋಟಾರಿನ ಬೆಲೆಯೇ ಹಿರಿದು. ಮರದ ದೋಣಿ ಕೊಳೆಯುತ್ತದೆ, ಪಂದ್ಯದಲ್ಲಿ ಒಡೆಯುತ್ತದೆ, ನಿಯಮ ಬದಲಾದಾಗ ಕೆಲಸಕ್ಕೆ ಬಾರದಾಗುತ್ತದೆ. ಅಂದಿನ ಪಂದ್ಯಗಾರರು ಕೆಲವೇ ಋತು ಓಡಿಸಿ ದೋಣಿಯನ್ನು ಬದಲಿಸುತ್ತಿದ್ದರು, ಮೋಟಾರನ್ನು ಉಳಿಸಿಕೊಳ್ಳುತ್ತಿದ್ದರು. ಜೊತೆಗೆ ಮೋಟಾರನ್ನು ಪೆಟ್ಟಿಗೆಯಲ್ಲಿಟ್ಟು ಎಲ್ಲಿಗಾದರೂ ಕಳಿಸಬಹುದು. ಹದಿಮೂರು ಅಡಿಯ ದೋಣಿಗೆ ಲಾರಿಯೇ ಬೇಕು. ಹೀಗಾಗಿ ಮೋಟಾರಿಗೆ ದೇಶದೇಶಗಳ ಗಿರಾಕಿಗಳು ಸಿಗುತ್ತಾರೆ, ದೋಣಿಗೆ ಸುತ್ತಲಿನ ಪ್ರಾಂತ್ಯದವರಷ್ಟೇ.

ಆದರೆ ಎರಡನ್ನೂ ಬಿಡಿಬಿಡಿಯಾಗಿ ನೋಡಿ ಕೂಡಿದರೆ ಬರುವ ಮೊತ್ತ ಕೊನೆಯ ಮಾತಲ್ಲ. ಕೋಲಾರ ಸೀಮೆಯದೇ ಒಂದು ಹೋಲಿಕೆ ಕೊಡಬಹುದು: ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಶಿವರಾತ್ರಿಯ ಸಮಯಕ್ಕೆ ರಾಮಲಿಂಗೇಶ್ವರನ ಜಾತ್ರೆ, ಅದರ ಜೊತೆಗೇ ದನಗಳ ಜಾತ್ರೆ. ಅಲ್ಲಿ ಎತ್ತು ಕೊಳ್ಳುವ ರೈತ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ ಎಂಬುದರ ಮೇಲೆ ವಯಸ್ಸಿನ ಲೆಕ್ಕ. ಮೈಮೇಲಿನ ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಇಷ್ಟೆಲ್ಲ ಆದರೂ ಒಂಟಿ ಎತ್ತಿನ ಎರಡರಷ್ಟು ಜೋಡಿಯ ಬೆಲೆಯಲ್ಲ. ಎತ್ತರ, ಕೊಂಬು, ಬಣ್ಣ, ನಡಿಗೆ ಎಲ್ಲದರಲ್ಲೂ ಹೊಂದಿದ ಜೋಡಿಗೆ ಹೆಚ್ಚು, ಹೊಂದದ ಜೋಡಿಗೆ ಕಡಿಮೆ. ಓಟದ ದೋಣಿಯ ಮಾತೂ ಅಷ್ಟೇ. ಬಿ ವರ್ಗಕ್ಕೆಂದು ಕಟ್ಟಿದ 1950ರ ದಶಕದ ದೋಣಿಯ ಮೇಲೆ ಅದೇ ಕಾಲದ, ಅದೇ ವರ್ಗದ ಮಾರ್ಕ್ 20ಎಚ್ ಕೂತಿದ್ದರೆ ಅದು ಜೋಡಿ. ಅದೇ ದೋಣಿಗೆ 1970ರ ದಶಕದ ಮೀನುಗಾರಿಕೆಯ ಮೋಟಾರು ಕಚ್ಚಿಸಿದ್ದರೆ ಅವು ಒಂದೇ ಕೊಟ್ಟಿಗೆಯಲ್ಲಿದ್ದ ಎರಡು ವಸ್ತುಗಳು, ಅಷ್ಟೆ. ಆ ದೋಣಿ ಆ ಮೋಟಾರಿನ ಜೊತೆಗೇ ಪಂದ್ಯದಲ್ಲಿ ಓಡಿತ್ತೆಂದು ಅಂದಿನ ಛಾಯಾಚಿತ್ರ ತೋರಿಸಿದರೆ ಜೋಡಿಯ ಬೆಲೆ ಮತ್ತೂ ಏರುತ್ತದೆ.

ಆದ್ದರಿಂದ ಅನುಭವಿಗಳು ಮೂರು ಅಂಕೆ ಬರೆಯುತ್ತಾರೆ: ಮೋಟಾರಿಗೊಂದು, ದೋಣಿಗೊಂದು, ಎರಡೂ ಕೂಡಿದ್ದಕ್ಕೆ ಮತ್ತೊಂದು. ಮೂರನೆಯದು ಮೊದಲಿನೆರಡರ ಮೊತ್ತಕ್ಕಿಂತ ಹೆಚ್ಚಾದರೆ ಬೇರ್ಪಡಿಸಿ ಮಾರುವುದು ನಷ್ಟ. ಕಡಿಮೆಯಾದರೆ ಜೊತೆಗಿಡುವುದೇ ನಷ್ಟ.

ಮೋಟಾರಿನ ಪರೀಕ್ಷೆ

ಗುರುತಿನಿಂದ ಶುರುಮಾಡಬೇಕು. ಹಿಡಿಕೆಯ ಬಳಿಯೋ ಎಂಜಿನ್ನಿನ ಮೈಮೇಲೋ ಇರುವ ತಗಡಿನ ಪಟ್ಟಿಯಲ್ಲಿ ಮಾದರಿ ಸಂಖ್ಯೆ, ಕ್ರಮ ಸಂಖ್ಯೆ ಕೊರೆದಿರುತ್ತವೆ. ತಯಾರಾದ ವರ್ಷವನ್ನು ಹೇಳುವುದು ಇವೇ; ಬಣ್ಣವನ್ನಾಗಲಿ ಮಾರುವವನ ಮಾತನ್ನಾಗಲಿ ನಂಬುವಂತಿಲ್ಲ. ಪಂದ್ಯದ ಮೋಟಾರುಗಳಲ್ಲಿ ಭಾಗಗಳ ಅದಲುಬದಲು ನಿತ್ಯದ ವ್ಯವಹಾರವಾಗಿತ್ತು. ಒಂದರ ಮೇಲ್ಭಾಗ, ಇನ್ನೊಂದರ ಕಾಲು (ಕೆಳಭಾಗ), ಮತ್ತೊಂದರ ಕಾರ್ಬ್ಯುರೇಟರ್ ಕೂಡಿಸಿ ಗೆದ್ದವರಿದ್ದಾರೆ. ಅಂಥ ಮೋಟಾರು ಕೆಟ್ಟದ್ದೇನೂ ಅಲ್ಲ, ಆದರೆ ಅದನ್ನು ಕಾರ್ಖಾನೆಯ ಮೂಲ ಸ್ಥಿತಿಯದೆಂದು ಬರೆಯುವುದು ಸುಳ್ಳಾಗುತ್ತದೆ.

ಪಂದ್ಯದ ಮೋಟಾರನ್ನು ಮನೆಬಳಕೆಯದರಿಂದ ಬೇರೆ ಮಾಡಿ ತೋರಿಸುವುದು ಅದರ ಕೆಳಭಾಗ. ನೀರಿನಲ್ಲಿ ಮುಳುಗುವ ಗೇರ್‌ಕೇಸು ಇಲ್ಲಿ ತೆಳ್ಳಗೆ, ಚೂಪಾಗಿ ಇರುತ್ತದೆ. ನ್ಯೂಟ್ರಲ್ ಇರುವುದಿಲ್ಲ, ಹಿಂದಕ್ಕೆ ಹೋಗುವ ಗೇರೂ ಇಲ್ಲ. ಹಗ್ಗ ಎಳೆದು ಎಂಜಿನ್ ಹೊತ್ತಿಕೊಂಡ ಕ್ಷಣವೇ ದೋಣಿ ಹೊರಟಿತು. ಮರ್ಕ್ಯುರಿಯವರ ‘ಕ್ವಿಕ್‌ಸಿಲ್ವರ್’ ಎಂಬ ಇಂಥ ಕೆಳಭಾಗ ತಾನೊಂದೇ ಬಿಡಿಯಾಗಿ ಬೆಲೆಬಾಳುತ್ತದೆ. ಎಚ್ ಮಾದರಿಯ ಮೋಟಾರಿಗೆ ಮನೆಬಳಕೆಯ ಕಾಲು ಕೂಡಿಸಿದ್ದರೆ ಬೆಲೆ ಅಲ್ಲಿಗೇ ಕುಸಿಯಿತು. ಗೇರ್‌ಕೇಸಿನ ಕೆಳಗಿರುವ ರೆಕ್ಕೆ ಮುರಿದು ಬೆಸುಗೆ ಹಾಕಿದ್ದಾರೆಯೇ ಎಂದು ಬೆರಳಾಡಿಸಿ ನೋಡಬೇಕು. ಬಣ್ಣದ ಕೆಳಗೆ ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

ಮುಂದಿನದು ಎಂಜಿನ್ನಿನ ಒಳಗು. ಸ್ಪಾರ್ಕ್ ಪ್ಲಗ್ ಬಿಚ್ಚದೆ ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಪ್ರತಿ ಸಿಲಿಂಡರಿನಲ್ಲೂ ಗಾಳಿ ಒತ್ತಿಕೊಂಡು ಚಕ್ರ ಪುಟಿಯಬೇಕು. ಒಂದರಲ್ಲಿ ಪುಟಿದು ಇನ್ನೊಂದರಲ್ಲಿ ಸಲೀಸಾಗಿ ಜಾರಿತೆಂದರೆ ಪಿಸ್ಟನ್ ರಿಂಗು ಅಂಟಿದೆ ಅಥವಾ ಸಿಲಿಂಡರ್ ಗೀರಿದೆ ಎಂದರ್ಥ. ಅಳತೆಯ ಗೇಜು ಇದ್ದರೆ ಎಲ್ಲ ಸಿಲಿಂಡರುಗಳ ಕಂಪ್ರೆಶನ್ ಶೇಕಡಾ ಹತ್ತರೊಳಗೆ ಹೊಂದಬೇಕೆಂಬುದು ಮೆಕ್ಯಾನಿಕ್‌ಗಳ ವಾಡಿಕೆ. ಚಕ್ರ ತಿರುಗದೇ ಇದ್ದರೆ ಬಲವಂತ ಮಾಡಬಾರದು. ಪ್ಲಗ್ಗಿನ ತೂತಿನಿಂದ ತೆಳುವಾದ ಎಣ್ಣೆ ಬಿಟ್ಟು ಕಾಯಬೇಕು. ಹಲವು ದಶಕ ಮೂಲೆಯಲ್ಲಿ ಬಿದ್ದಿದ್ದ ಮೋಟಾರುಗಳು ಹೀಗೆ ಬಿಟ್ಟುಕೊಂಡದ್ದುಂಟು. ಕಬ್ಬಿಣದ ಸಲಾಕೆಯಿಂದ ಎಬ್ಬಿದ್ದಕ್ಕೆ ಫ್ಲೈವೀಲನ್ನೇ ಮುರಿದುಕೊಂಡದ್ದೂ ಉಂಟು.

ಗೇರ್‌ಕೇಸಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದೆರಡು ಹನಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಬೀಳಿಸಿಕೊಳ್ಳುವುದು ಮರೆಯಬಾರದ ಪರೀಕ್ಷೆ. ಎಣ್ಣೆ ಕಪ್ಪಗಿದ್ದರೆ ಹಳೆಯದಾಗಿದೆ, ಅಷ್ಟೆ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ, ಸೀಲು ಹೋಗಿದೆ, ಬೇರಿಂಗಿಗೂ ಗೇರಿಗೂ ತುಕ್ಕು ತಗುಲಿರುವ ಸಂಭವ ಹೆಚ್ಚು. ಬಟ್ಟೆಯ ಮೇಲೆ ಹೊಳೆಯುವ ಲೋಹದ ಪುಡಿ ಕಂಡರೆ ಗೇರಿನ ಖರ್ಚನ್ನು ಅಂದಾಜಿನಿಂದ ಕಳೆಯುವುದೇ ಸರಿ. ಹಳೆಯ ಪಂದ್ಯದ ಗೇರುಗಳು ಅಂಗಡಿಯಲ್ಲಿ ಸಿಗುವುದಿಲ್ಲ, ಇಟ್ಟುಕೊಂಡವನು ಕೇಳಿದ್ದೇ ಬೆಲೆ.

ಇಂಧನದ ಚರಿತ್ರೆಯನ್ನೂ ವಿಚಾರಿಸಬೇಕು. ಕೆಲವು ವರ್ಗಗಳಲ್ಲಿ ಪೆಟ್ರೋಲು ಓಡಿದರೆ ಇನ್ನು ಕೆಲವುಗಳಲ್ಲಿ ಮೆಥನಾಲ್ ಓಡುತ್ತಿತ್ತು. ಅದಕ್ಕೆ ಬೆರೆಸುತ್ತಿದ್ದುದು ನಮ್ಮ ಹರಳೆಣ್ಣೆಯೇ. ಖನಿಜ ತೈಲ ಮೆಥನಾಲಿನಲ್ಲಿ ಬೆರೆಯುವುದಿಲ್ಲ, ಹರಳೆಣ್ಣೆ ಬೆರೆಯುತ್ತದೆ. ಓಡುವಾಗ ಅದು ಒಳ್ಳೆಯ ಜಾರೆಣ್ಣೆ. ಪಂದ್ಯ ಮುಗಿದ ಮೇಲೆ ತೊಳೆಯದೆ ಬಿಟ್ಟರೆ ಗೋಂದಾಗಿ ರಿಂಗುಗಳನ್ನು ಹಿಡಿದುಬಿಡುತ್ತದೆ, ಮೆಥನಾಲು ತೇವವನ್ನು ಸೆಳೆದು ಅಲ್ಯೂಮಿನಿಯಮನ್ನೂ ಬೇರಿಂಗನ್ನೂ ತಿನ್ನುತ್ತದೆ. ಮೆಥನಾಲಿನಲ್ಲಿ ಓಡಿದ ಮೋಟಾರು ಹೊರಗೆ ಮಿರಮಿರ ಮಿಂಚುತ್ತಿದ್ದರೂ ಬಿಚ್ಚದೆ ಬೆಲೆ ಹೇಳದಿರುವುದು ಕ್ಷೇಮ.

ಮ್ಯಾಗ್ನೆಟೊ ಕಿಡಿ ಕೊಡುತ್ತದೆಯೇ, ಸುರುಳಿಯ ಮೇಲ್ಕವಚ ಬಿರುಕು ಬಿಟ್ಟಿದೆಯೇ ಎಂಬುದೂ ಮುಖ್ಯ. ಬಿರುಕು ಬಿಟ್ಟ ಸುರುಳಿ ಮೋಟಾರು ತಣ್ಣಗಿದ್ದಾಗ ಕಿಡಿ ಕೊಟ್ಟು ಬಿಸಿಯಾದಾಗ ಕೈಕೊಡುತ್ತದೆ. ಜೊತೆಗೆ ಬಂದಿರುವ ಪ್ರೊಪೆಲ್ಲರುಗಳನ್ನು ಬೇರೆಯಾಗಿಯೇ ಎಣಿಸಬೇಕು. ಪಂದ್ಯದ ಕಂಚಿನ ಪ್ರೊಪೆಲ್ಲರಿಗೆ ಸಾಮಾನ್ಯವಾಗಿ ಎರಡೇ ಎಸಳು, ಅಂಚು ಚಾಕುವಿನಷ್ಟು ತೆಳು. ಒಬ್ಬೊಬ್ಬ ಪಂದ್ಯಗಾರನೂ ತನ್ನ ದೋಣಿಗೆ ತಕ್ಕಂತೆ ಅವುಗಳನ್ನು ಬಡಿದು, ಅರದಿಂದ ಉಜ್ಜಿ ಹದಮಾಡಿಸಿಕೊಳ್ಳುತ್ತಿದ್ದ. ಮೋಟಾರನ್ನು ಒಳ್ಳೆಯ ಬೆಲೆಗೆ ಮಾರಿ, ಪ್ರೊಪೆಲ್ಲರುಗಳ ಡಬ್ಬಿಯನ್ನು ಗುಜರಿಯ ಕಂಚಿನ ದರಕ್ಕೆ ಕೊಟ್ಟವರ ಬಗ್ಗೆ ಸಂಗ್ರಾಹಕರು ಈಗಲೂ ನಗುತ್ತಾರೆ.

ದೋಣಿಯ ಪರೀಕ್ಷೆ

ಔಟ್‌ಬೋರ್ಡ್ ಪಂದ್ಯದ ದೋಣಿಗಳಲ್ಲಿ ಎರಡು ಬಗೆ. ಒಂದು ರನ್‌ಅಬೌಟ್; ಅಡಿ ಸಪಾಟಾಗಿಯೋ ತುಸು ಕೋನವಾಗಿಯೋ ಹಿಂದಿನವರೆಗೆ ಹರಿದಿರುತ್ತದೆ. ಇನ್ನೊಂದು ಹೈಡ್ರೊಪ್ಲೇನ್, ಅಡಿಯಲ್ಲಿ ಮೆಟ್ಟಿಲಿರುತ್ತದೆ ಅಥವಾ ಮುಂದೆ ಎರಡು ಪಕ್ಕಗಳಲ್ಲೂ ಹಿಂದೊಂದು ಕಡೆಯೂ ಮಾತ್ರ ನೀರು ತಾಗುವ ಮೂರುಬಿಂದುವಿನ ರಚನೆಯಿರುತ್ತದೆ. ನ್ಯೂಜೆರ್ಸಿಯ ವೆಂಟ್ನರ್ ದೋಣಿ ಕಾರ್ಖಾನೆಯ ಏಪಲ್ ಕುಟುಂಬದವರು 1930ರ ದಶಕದಲ್ಲಿ ಈ ಮೂರುಬಿಂದು ರಚನೆಯನ್ನು ರೂಢಿಗೆ ತಂದರು. ಚಾಲಕ ಕೂರುವುದಿಲ್ಲ, ಮಂಡಿಯೂರುತ್ತಾನೆ. ಕೈಯಲ್ಲಿ ಅದುಮಿ ಹಿಡಿಯುವ ಥ್ರಾಟಲ್. ಕೈ ಬಿಟ್ಟೊಡನೆ ವೇಗ ಇಳಿಯಲೆಂದು ಅದಕ್ಕೆ ಸ್ಪ್ರಿಂಗು. ಈ ಥ್ರಾಟಲ್, ಮಂಡಿಯ ಮೆತ್ತೆ, ಚುಕ್ಕಾಣಿಯ ಚಕ್ರ, ರಾಟೆ-ಹಗ್ಗ ಎಲ್ಲ ಮೂಲದ್ದೇ ಆಗಿದ್ದರೆ ದೋಣಿ ಪೂರ್ತಿಯಾಗಿದೆ ಎನ್ನಬಹುದು.

ಎಲ್ಲಕ್ಕಿಂತ ಮುಂಚೆ ನೋಡಬೇಕಾದದ್ದು ಮೋಟಾರು ಕಚ್ಚುವ ಹಿಂಬದಿಯ ಹಲಗೆ. ನೀರು ನಿಲ್ಲುವುದೂ ಅಲ್ಲೇ, ಭಾರವೂ ಅದುರೂ ಬೀಳುವುದೂ ಅಲ್ಲೇ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರೆ ಒಳ್ಳೆಯ ಮರ ಠಣ್ಣೆನ್ನುತ್ತದೆ, ಕೊಳೆತ ಕಡೆ ಸದ್ದು ಮಂಕಾಗುತ್ತದೆ. ಕ್ಲಾಂಪು ಒತ್ತಿದ ಜಾಗದಲ್ಲಿ ಮರ ಎಷ್ಟು ಆಳಕ್ಕೆ ತಗ್ಗಿದೆ ಎಂಬುದು ದೋಣಿ ಎಷ್ಟು ದುಡಿದಿದೆ ಎಂದು ಹೇಳುತ್ತದೆ. ಆಮೇಲೆ ಅಡಿಯ ಮೂಲೆಗಳು, ಅಡ್ಡಕಟ್ಟುಗಳು ಪ್ಲೈವುಡ್ಡಿಗೆ ಸೇರುವ ಕಡೆಗಳು, ಸ್ಕ್ರೂಗಳ ಸುತ್ತ ಕಪ್ಪು ಕಲೆ. ಹಿತ್ತಾಳೆ ಸ್ಕ್ರೂಗಳ ನಡುವೆ ಕಬ್ಬಿಣದವು ಕಂಡರೆ ಯಾರೋ ಅವಸರದಲ್ಲಿ ದುರಸ್ತಿ ಮಾಡಿದ್ದಾರೆ.

ಮರದ ದೋಣಿಗೆ ಮೇಲಿನಿಂದ ಫೈಬರ್ ಹೊದಿಸಿದ್ದರೆ ಬೆಲೆಯಲ್ಲಿ ದೊಡ್ಡ ಕಡಿತ ಮಾಡುವುದೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಹೊದಿಸಿದವನಿಗೆ ಅದು ರಕ್ಷಣೆಯೆನಿಸಿರುತ್ತದೆ. ಆದರೆ ಒಳಗೆ ಸಿಕ್ಕಿಬಿದ್ದ ತೇವಕ್ಕೆ ಹೊರಹೋಗುವ ದಾರಿಯಿಲ್ಲದೆ ಹೊಳಪಿನ ಕೆಳಗೆ ಮರ ಪುಡಿಯಾಗುತ್ತ ಹೋಗುತ್ತದೆ. ಇದಕ್ಕೆ ಹೋಲಿಸಿದರೆ ಬಣ್ಣ ಸುಲಿದ, ವಾರ್ನಿಷ್ ಹೋದ, ಬೂದುಬಣ್ಣಕ್ಕೆ ತಿರುಗಿದ ಬರಿಮರದ ದೋಣಿಯೇ ಮೇಲು. ಅದರಲ್ಲಿ ಮುಚ್ಚುಮರೆಯಿಲ್ಲ.

ಹೊಸ ಬಣ್ಣದ ವಿಚಾರದಲ್ಲಿ ಸಂಗ್ರಾಹಕರಲ್ಲೇ ಒಮ್ಮತವಿಲ್ಲ. ಮೋಟಾರಿನ ಮೂಲ ಬಣ್ಣ, ಅಂಟಿಸಿದ ಮೂಲ ಚಿತ್ರಪಟ್ಟಿ ಅರ್ಧ ಉಳಿದಿದ್ದರೂ ಕೆರೆಯದೆ ಬಿಡುವುದು ಲೇಸೆಂದು ಹೆಚ್ಚಿನವರು ಒಪ್ಪುತ್ತಾರೆ. ದೋಣಿಯ ವಾರ್ನಿಷ್ ಹಾಗಲ್ಲ. ಅದು ಕಾಲಕಾಲಕ್ಕೆ ಹೊಸದಾಗಲೇಬೇಕಾದ ರಕ್ಷೆ, ಹೊಸದಾದರೆ ಬೆಲೆ ತಗ್ಗುವುದಿಲ್ಲ. ಆದರೆ ಮೇಲ್ಹಲಗೆಯ ಮೇಲೆ ಬರೆದ ಪಂದ್ಯದ ಸಂಖ್ಯೆ, ದೋಣಿಯ ಹೆಸರು, ಕಟ್ಟಿದವನ ಗುರುತಿನ ತಗಡು ಇವನ್ನು ಉಜ್ಜಿ ತೆಗೆದವನು ತನ್ನ ಕೈಯಾರೆ ಹಣ ಉಜ್ಜಿದ ಹಾಗೆ. ಆ ಸಂಖ್ಯೆಯಿಂದಲೇ ಹಳೆಯ ಪಂದ್ಯಗಳ ಫಲಿತಾಂಶ ಪಟ್ಟಿಯಲ್ಲಿ ದೋಣಿಯ ಒಡೆಯನನ್ನು ಹುಡುಕಲು ಸಾಧ್ಯ. ಅಮೆರಿಕದಲ್ಲಿ ಪಂದ್ಯಗಳನ್ನು ನಡೆಸುವ ಅಮೆರಿಕನ್ ಪವರ್ ಬೋಟ್ ಅಸೋಸಿಯೇಶನ್ 1903ರಷ್ಟು ಹಳೆಯದು. ಹಳೆಯ ಮೋಟಾರುಗಳ ಸಂಗ್ರಾಹಕರು 1965ರಲ್ಲಿ ಕಟ್ಟಿಕೊಂಡ ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್ಬಿನ ಸದಸ್ಯರಲ್ಲಿ ಮಾದರಿ ಸಂಖ್ಯೆ ಕೇಳಿದೊಡನೆ ವರ್ಷ ಹೇಳುವವರಿದ್ದಾರೆ.

ಹಳೆಯದೆಲ್ಲ ದುಬಾರಿಯಲ್ಲ

ಅಜ್ಜನ ಕಾಲದ್ದು, ಹಾಗಾಗಿ ಲಕ್ಷಗಟ್ಟಲೆ ಬಾಳುತ್ತದೆ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇದೆ. ಇಂಗ್ಲೆಂಡಿನ ಬ್ರಿಟಿಷ್ ಸೀಗಲ್ ಮೋಟಾರು ಇದನ್ನು ಸುಳ್ಳಾಗಿಸುತ್ತದೆ. 1930ರ ದಶಕದಿಂದ 1990ರ ದಶಕದವರೆಗೆ ತಯಾರಾದ ಈ ಸರಳ ಯಂತ್ರ ಪಂದ್ಯದ್ದಲ್ಲ, ಗಟ್ಟಿ ದುಡಿಮೆಯದು. ಅಸಂಖ್ಯ ಮೋಟಾರುಗಳು ತಯಾರಾದವು, ಇಂದಿಗೂ ಅಸಂಖ್ಯ ಉಳಿದಿವೆ, ಬಿಡಿಭಾಗ ಸಿಗುತ್ತದೆ. ಆದ್ದರಿಂದಲೇ ವಯಸ್ಸಾಗಿದ್ದರೂ ಅದರ ಬೆಲೆ ಸಾಮಾನ್ಯರ ಕೈಗೆಟುಕುತ್ತದೆ. ಬೆಲೆಯನ್ನು ಏರಿಸುವುದು ಹಳತನವಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಬಯಸುತ್ತಾರೆ ಎಂಬುದರ ನಡುವಿನ ಅಂತರ.

ಬಯಸುವವರೂ ಒಂದೇ ಬಗೆಯವರಲ್ಲ. ಹಳೆಯ ದೋಣಿಗಳ ಪ್ರದರ್ಶನ ಓಟಕ್ಕೆ ಇಳಿಯುವವನಿಗೆ ಗಟ್ಟಿಯಾದ ಅಡಿ, ನಂಬಿಕೆಯ ಎಂಜಿನ್ ಬೇಕು. ಸಂಗ್ರಾಹಕನಿಗೆ ಮೂಲಸ್ಥಿತಿ ಬೇಕು, ಓಡದಿದ್ದರೂ ಚಿಂತೆಯಿಲ್ಲ. ಹೋಟೆಲಿನ ಗೋಡೆಗೆ ತೂಗುಹಾಕುವವನಿಗೆ ದೂರದಿಂದ ಚೆಂದ ಕಂಡರೆ ಸಾಕು. ಈ ಮೂವರೂ ಒಂದೇ ದೋಣಿಗೆ ಮೂರು ಬೆಲೆ ಹೇಳುತ್ತಾರೆ, ಮೂವರೂ ಪ್ರಾಮಾಣಿಕರೇ. ಎವಿನ್‌ರೂಡ್, ಜಾನ್ಸನ್ ಹೆಸರುಗಳ ಒಡೆತನದ ಕಂಪನಿ 2000ದ ಕೊನೆಯಲ್ಲಿ ದಿವಾಳಿಯಾಯಿತು. ಹೆಸರುಗಳನ್ನು ಕೊಂಡ ಕೆನಡಾದ ಸಂಸ್ಥೆಯೂ 2020ರಲ್ಲಿ ಎವಿನ್‌ರೂಡ್ ತಯಾರಿಕೆಯನ್ನು ನಿಲ್ಲಿಸಿತು. ಅಂಗಡಿಯಿಂದ ಮರೆಯಾದ ಹೆಸರಿಗೆ ನೆನಪಿನ ಬೆಲೆ ಸೇರುವುದುಂಟು, ಆದರೆ ಆ ನೆನಪುಳ್ಳ ಪೀಳಿಗೆ ಸರಿದಂತೆ ಅದೂ ಕರಗುತ್ತದೆ.

ಕನ್ನಡನಾಡಿನ ನೆಲೆ

ಕರ್ನಾಟಕದಲ್ಲಿ ಔಟ್‌ಬೋರ್ಡ್ ಎಂಜಿನ್ ಬೇರೂರಿದ್ದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕಡಲತಡಿಯಲ್ಲಿ. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದು, ದಡದಿಂದ ಹಲವರು ಕೂಡಿ ಎಳೆಯುವ ರಂಪಣಿ ಬಲೆಯ ಕಾಲ ಮುಗಿಯುತ್ತ ಬಂದಾಗ, ಹುಟ್ಟು ಹಾಕಿ ದಡದಂಚಿನಲ್ಲಿ ಮೀನು ಹಿಡಿಯುತ್ತಿದ್ದ ನಾಡದೋಣಿಯವರು ಬದುಕುಳಿಯಲು ಎಂಜಿನ್ ಏರಿಸಬೇಕಾಯಿತು. 1980ರ ದಶಕದಿಂದ ಒಂದೇ ದಿಮ್ಮಿಯ ಮರದ ದೋಣಿಗಳ ಹಿಂದೆ ಪುಟ್ಟ ಜಪಾನಿ ಎಂಜಿನ್ನುಗಳು ಕೂತವು. ಆಮೇಲೆ ಮರ ಹೋಗಿ ಫೈಬರ್ ಬಂತು. ಇವುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥವು. ಸರಕಾರ ರಿಯಾಯಿತಿ ದರದಲ್ಲಿ ಕೊಡುವ ಸೀಮೆಎಣ್ಣೆಯ ಪ್ರಮಾಣ, ಅದು ಸಕಾಲಕ್ಕೆ ಬರದಿರುವುದು ಗಂಗೊಳ್ಳಿಯಿಂದ ಕಾರವಾರದವರೆಗೂ ವರ್ಷ ವರ್ಷವೂ ಕೇಳಿಬರುವ ದೂರು.

ಇಲ್ಲಿ ಹಳೆಯ ಎಂಜಿನ್ನಿಗೆ ಬೆಲೆ ಕಟ್ಟುವ ರೀತಿಯೇ ಬೇರೆ. ಉಪ್ಪುನೀರು ಅಲ್ಯೂಮಿನಿಯಮನ್ನು ಸುಣ್ಣದಂತೆ ಬೆಳ್ಳಗಾಗಿಸಿ ತಿನ್ನುತ್ತದೆ, ಸೀಮೆಎಣ್ಣೆ ಮಸಿ ಕಟ್ಟಿಸುತ್ತದೆ. ಕೆಲವೇ ಮಳೆಗಾಲಗಳಲ್ಲಿ ಎಂಜಿನ್ ಮುದಿಯಾಗುತ್ತದೆ. ಕೊಳ್ಳುವವನು ಕೇಳುವುದು ಮೂರೇ ಮಾತು: ಎಷ್ಟನೆಯ ಸೀಸನ್ನು, ಸಿಹಿನೀರಿನಲ್ಲಿ ತೊಳೆಯುತ್ತಿದ್ದರೋ, ಬಿಚ್ಚಿದರೆ ಯಾವ ಭಾಗ ಬಳಕೆಗೆ ಬರುತ್ತದೆ. ಮೂಲ ಬಣ್ಣ, ಚರಿತ್ರೆ ಯಾರಿಗೂ ಬೇಡ. ದೋಣಿಯ ನೋಂದಣಿ, ಮೀನುಗಾರಿಕೆಯ ಪರವಾನಗಿ ಸರಿಯಿದ್ದರೆ ಕಾಗದಕ್ಕೂ ಒಂದು ಬೆಲೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಕಡಲಿಗಿಳಿಯುವಂತಿಲ್ಲ. ಈ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ಆದರೆ ಇದರ ಫಲವಾಗಿ ಮೊದಲ ತಲೆಮಾರಿನ ಎಂಜಿನ್ನುಗಳು ಹೆಚ್ಚಾಗಿ ಬಿಡಿಭಾಗವಾಗಿಯೋ ಗುಜರಿಯಾಗಿಯೋ ಕರಗಿದವು.

ಓಟದ ದೋಣಿ ಎಂದರೆ ಈ ಕಡೆಯವರ ಕಣ್ಣಿಗೆ ಬರುವುದು ಹುಟ್ಟು ಹಾಕುವ ಉದ್ದ ದೋಣಿ. ಕಾಸರಗೋಡಿನ ದಕ್ಷಿಣಕ್ಕೆ ತೇಜಸ್ವಿನಿ ಹೊಳೆಯ ಚೆರುವತ್ತೂರು, ನೀಲೇಶ್ವರ ಭಾಗದಲ್ಲಿ ಊರವರೇ ಕೂಡಿ ದೋಣಿ ಕಟ್ಟಿಸಿ ಪಂದ್ಯಕ್ಕಿಳಿಸುತ್ತಾರೆ. ಕೇರಳದ ದಕ್ಷಿಣ ಭಾಗದಲ್ಲಿ 1952ರಿಂದ ನಡೆದುಬಂದಿರುವ ನೆಹರೂ ಟ್ರೋಫಿ ದೋಣಿ ಪಂದ್ಯ ಹೆಸರಾಗಿದೆ. ಅಲ್ಲಿನ ಹಾವುದೋಣಿಗಳಿಗೆ ಒದಗುವ ಮರ ಹೆಬ್ಬಲಸು. ಇಂಥ ದೋಣಿ ಊರಿನ ಸೊತ್ತಾದ್ದರಿಂದ ಮಾರುಕಟ್ಟೆಯ ಬೆಲೆ ಅದಕ್ಕೆ ಹೊಂದುವುದಿಲ್ಲ. ಅಂದಾಜು ಮಾಡಲೇಬೇಕಾದರೆ ಮರ, ಕೂಲಿ, ಹೊಸದಾಗಿ ಕಟ್ಟಿಸಲು ತಗಲುವ ಖರ್ಚು ಇವನ್ನೇ ಹಿಡಿಯಬೇಕು. ಆಧುನಿಕ ಔಟ್‌ಬೋರ್ಡ್ ಪಂದ್ಯದ ಅತ್ಯುನ್ನತ ರೂಪ ನಮ್ಮ ನೆರೆಗೂ ಒಮ್ಮೆ ಬಂದಿತ್ತು. 2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿಯ ಬಳಿ ಕೃಷ್ಣಾ ನದಿಯಲ್ಲಿ ಎಫ್1 ಎಚ್2ಓ ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ಸುತ್ತು ನಡೆಯಿತು.

ಕೋಲಾರದ ಕಡೆ ಹಳೆಯದಕ್ಕೆ ಬೆಲೆ ಕಟ್ಟುವ ಪ್ರಶ್ನೆ ಬೇರೆ ಯಂತ್ರಗಳ ರೂಪದಲ್ಲಿ ಎದುರಾಗುತ್ತದೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಹರಿದ ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಹಳೆಯ ಯಂತ್ರಗಳನ್ನು ಕಬ್ಬಿಣವೆಂದು ತೂಗಬೇಕೋ, ಗಣಿಗಾರಿಕೆಯ ಚರಿತ್ರೆಯೆಂದು ಉಳಿಸಬೇಕೋ? ಹಳ್ಳಿಗಳ ಬಾವಿಕಟ್ಟೆಯ ಮೇಲಿದ್ದ ಡೀಸೆಲ್ ಪಂಪುಗಳೂ ಕೊಳವೆಬಾವಿ ಬಂದ ಮೇಲೆ ಕೆಜಿ ಲೆಕ್ಕದಲ್ಲೇ ಹೋದವು. ಗುಜರಿಯ ದರ ಯಾವ ಯಂತ್ರಕ್ಕೂ ಕನಿಷ್ಠ ಬೆಲೆ. ಅಂದಾಜುಗಾರ ಅಲ್ಲಿಂದ ಮೇಲಕ್ಕೆ ಹೋಗಬೇಕಾದರೆ ಕೊಳ್ಳುವವನೊಬ್ಬ ಇದ್ದಾನೆಂಬ ಆಧಾರ ತೋರಿಸಬೇಕು.

ಕಾನೂನು ಮತ್ತು ವರದಿ

ವಿದೇಶದಲ್ಲಿ ನೆಲೆಸಿದ ಕನ್ನಡಿಗ ಕುಟುಂಬವೊಂದು ಇಂಥ ದೋಣಿಯನ್ನೋ ಮೋಟಾರನ್ನೋ ಊರಿಗೆ ತರಲು ಬಯಸಿದರೆ ಒಂದು ತೊಡಕಿದೆ. ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ಬಂಡವಾಳ ಸರಕುಗಳಲ್ಲದ ಬಳಸಿದ ವಸ್ತುಗಳ ಆಮದು ನಿರ್ಬಂಧಿತ, ಅನುಮತಿ ಬೇಕು. ಸಾಗಣೆ, ಸುಂಕ ಕೂಡಿದರೆ ಖರ್ಚು ವಸ್ತುವಿನ ಬೆಲೆಯನ್ನೇ ಮೀರಬಹುದು. ಆದರೆ ತರಲು ತಗುಲಿದ ಖರ್ಚು ಇಲ್ಲಿನ ಬೆಲೆಯಾಗುವುದಿಲ್ಲ. ಇಲ್ಲಿ ಹಳೆಯ ಪಂದ್ಯದ ಮೋಟಾರಿನ ಮಾರುಕಟ್ಟೆಯೇ ಇಲ್ಲದಿರುವಾಗ, ಮಾರುವ ಉದ್ದೇಶಕ್ಕೆ ಅದರ ಬೆಲೆ ಹೊರದೇಶದ ಹರಾಜಿನಲ್ಲಿ ಬರಬಹುದಾದದ್ದರಿಂದ ಅಲ್ಲಿಗೆ ಕಳಿಸುವ ಖರ್ಚನ್ನು ಕಳೆದು ಉಳಿಯುವಷ್ಟೆ.

50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ 2021ರ ಕೇಂದ್ರ ನಿಯಮ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ದೋಣಿ ಅದರೊಳಗೆ ಬರುವುದಿಲ್ಲ. 1972ರ ಪುರಾವಸ್ತು ಕಾಯ್ದೆ ಕನಿಷ್ಠ 100 ವರ್ಷ ಕೇಳುವುದರಿಂದ 1950ರ ದಶಕದ ಮೋಟಾರು ಪುರಾವಸ್ತುವೂ ಅಲ್ಲ. ಒಳನಾಡಿನ ಜಲಮಾರ್ಗಗಳಲ್ಲಿ ಎಂಜಿನ್ ದೋಣಿಗಳ ನೋಂದಣಿ, ತಪಾಸಣೆಗೆ 2021ರ ಒಳನಾಡು ಹಡಗು ಕಾಯ್ದೆಯಿದೆ. ಅಂದರೆ ಹಳೆಯ ದೋಣಿಯನ್ನು ಗೋಡೆಗೆ ತೂಗುಹಾಕುವುದಾದರೆ ತೊಂದರೆಯಿಲ್ಲ, ನೀರಿಗಿಳಿಸಿ ಓಡಿಸುವುದಾದರೆ ಮೊದಲೇ ವಿಚಾರಿಸಿಕೊಳ್ಳಬೇಕು.

ಅಂದಾಜಿನ ವರದಿಯಲ್ಲಿ ಉದ್ದೇಶವನ್ನು ಮೊದಲ ಸಾಲಿನಲ್ಲೇ ಬರೆಯುವುದು ವಾಡಿಕೆ, ಏಕೆಂದರೆ ವಿಮೆಯ ಬೆಲೆ ಮತ್ತು ಮಾರಾಟದ ಬೆಲೆ ಒಂದೇ ಆಗುವುದಿಲ್ಲ. ವಿಮೆಗೆ ಅಂಥದೇ ಇನ್ನೊಂದನ್ನು ಹುಡುಕಿ ತರಲು ತಗಲುವ ಮೊತ್ತವನ್ನು ಕಂಪನಿಯೊಂದಿಗೆ ಮೊದಲೇ ಒಪ್ಪಿ ನಮೂದಿಸುತ್ತಾರೆ. ಅಣ್ಣತಮ್ಮಂದಿರ ಪಾಲಿಗೆ ಇಂದು ಮಾರಿದರೆ ಕೈಗೆ ಬರುವ ಮೊತ್ತವನ್ನು ಹಿಡಿಯುತ್ತಾರೆ. ಕ್ರಮ ಸಂಖ್ಯೆ, ಎಲ್ಲ ಕಡೆಯಿಂದ ತೆಗೆದ ಛಾಯಾಚಿತ್ರ, ಕಂಪ್ರೆಶನ್ ಅಳತೆ, ಯಾವ ಭಾಗ ಮೂಲದ್ದು ಯಾವುದು ಬದಲಾದದ್ದು ಎಂಬ ಪಟ್ಟಿ, ಹೋಲಿಕೆಗೆ ತೆಗೆದುಕೊಂಡ ಮಾರಾಟಗಳ ದಿನಾಂಕ ಇಷ್ಟು ಇಲ್ಲದ ವರದಿಯನ್ನು ವಿಮಾ ಕಂಪನಿಯಾಗಲಿ ಹರಾಜಿನವರಾಗಲಿ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹರಾಜಿಗೆ ಮುಂಚೆ ಮಾಲೀಕ ಕೇಳುವ ಬೆಲೆಯನ್ನು ಹೋಲಿಕೆಗೆ ಹಿಡಿಯಬಾರದು. ನಿಜವಾಗಿ ಕೈಬದಲಾದ ಮೊತ್ತ ಮಾತ್ರ ಲೆಕ್ಕಕ್ಕೆ ಬರುತ್ತದೆ.